ನೇರಳೆ ಚೌಕ

4 ನವೆಂಬರ್ 2024, ಸೋಮವಾರ. ಮಧ್ಯಾಹ್ನ

ಮತ್ತೆ ಮೆನು. ಮೂರನೆಯ ದಿನ. ಒಂದೊಂದು ಬಟನ್‌ಗೆ ನಲವತ್ತು ಕೆಲಸ ಕೊಡಬಹುದಂತೆ. ಮಾಡಿದ ಪುಣ್ಯಾತ್ಮನಿಗೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ ಎಂದು ಕಾಣುತ್ತದೆ. ಆಳಂದದ ಮಸೂದ ಭಾಯಿ ಸ್ಟುಡಿಯೊ ಮುಚ್ಚಿ, ಭೂಸನೂರ ಫ್ಯಾಕ್ಟರಿಗೆ ಕಬ್ಬಿನ ಲಾರಿ ಬಿಡಲು ಹೋದರು. ಹೋಗುವಾಗ ಈ ಮಿರರ್‌ಲೆಸ್ ಕ್ಯಾಮೆರಾ ನನಗೆ ಕೊಟ್ಟರು. ಸೆಕೆಂಡ್ ಹ್ಯಾಂಡ್, ಆದರೆ ಒಂದು ಗೀರಿಲ್ಲ.

ಇವತ್ತು ಆದದ್ದು — ಸಿ ಒನ್‌ಗೆ ವೈಟ್ ಬ್ಯಾಲೆನ್ಸ್. ಸಿ ಟೂಗೆ ಸೈಲೆಂಟ್ ಶಟರ್. ಫೋಕಸ್ ಹಿಂದಿನ ಬಟನ್‌ಗೆ, ಬಲ ಹೆಬ್ಬೆರಳಿನ ಪಾಲು. ತೋರುಬೆರಳಿಗೆ ಶಟರ್ ಒಂದೇ. ಡಯಲ್ ತಿರುಗುವ ದಿಕ್ಕು ಉಲ್ಟಾ ಮಾಡಿದೆ, ಅಬ್ಬಾರ ಹಳೆ ಕ್ಯಾಮೆರಾ ಹಾಗೇ ತಿರುಗುತ್ತಿತ್ತು. ಎಲ್ಲ ಸೇರಿಸಿ ಮೆಮೊರಿ ಒಂದರಲ್ಲಿ ಸೇವ್.

24ಕ್ಕೆ ಅಫಜಲಪುರದಲ್ಲಿ ಜೀನತಳ ನಿಕಾಹ್. ಹೆಂಗಸರ ಕಡೆಯ ಫೋಟೊ ಪೂರ್ತಿ ನನ್ನದು. ಗಂಡಸು ಫೋಟೊಗ್ರಾಫರ್ ಒಳಗೆ ಬರುವ ಹಾಗಿಲ್ಲ, ಹಾಗಾಗಿ ಜೇವರ್ಗಿಯಿಂದ ಅಫಜಲಪುರದವರೆಗೂ ಈ ಫರಹತಳೇ ಬೇಕು. ಇದೊಂದು ಚೆನ್ನಾಗಿ ಆದರೆ ಹೆಸರು ನಿಲ್ಲುತ್ತದೆ.

ಅಬ್ಬಾ ಮಂಚದ ಮೇಲಿಂದ ನೋಡುತ್ತಲೇ ಇದ್ದರು. ಮಾರ್ಚ್‌ನಲ್ಲಿ ಸ್ಟ್ರೋಕ್ ಆದಾಗಿನಿಂದ ಬಲಗಡೆ ಪೂರ್ತಿ ಹೋಗಿದೆ. ಅವತ್ತು ಪಕ್ಕದ ಮನೆಯ ಧರ್ಮಣ್ಣ ತನ್ನ ಟೆಂಪೊದಲ್ಲಿ ಕಲಬುರಗಿಗೆ ಒಯ್ಯದಿದ್ದರೆ ಇವರು ಇರುತ್ತಿರಲಿಲ್ಲ. ಬಾಯಲ್ಲಿ ಉಳಿದಿರುವ ಮಾತು ಒಂದೇ. ‘ನಕ್ಕೊ.’ ಚಹಾ ಬೇಡವಾದರೂ ನಕ್ಕೊ, ಟಿವಿ ಬೇಡವಾದರೂ ನಕ್ಕೊ.

ನಲವತ್ತು ವರ್ಷ ಸ್ಟುಡಿಯೊ ನಡೆಸಿದ ನಮ್ಮ ಅಬ್ಬಾ, ಹುಸೇನಸಾಬರದೇ ಒಂದು ಫೋಟೊ ಮನೆಯಲ್ಲಿಲ್ಲ. ಆಧಾರ್ ಕಾರ್ಡ್‌ನಲ್ಲಿ ಇರುವುದನ್ನು ಫೋಟೊ ಅನ್ನಬಾರದು. ನನಗೆ ಒಂದು ಬೇಕು. ಅವರು ನನ್ನ ಕಡೆ ನೋಡುವ ಒಂದೇ ಒಂದು ಫೋಟೊ, ಇರುವಾಗಲೇ.

6 ನವೆಂಬರ್, ಬುಧವಾರ

ಮುಖ ಸಿಕ್ಕರೆ ಸ್ಕ್ರೀನ್ ಮೇಲೆ ಬಿಳಿ ಚೌಕ ಬರುತ್ತದೆ. ಅಮ್ಮಿಗೆ ಬಂತು. ಗೋಡೆಯ ಕ್ಯಾಲೆಂಡರಿನ ಮಗುವಿಗೂ ಬಂತು. ಅಬ್ಬಾರಿಗೆ ಬರುವುದಿಲ್ಲ. ಮುಖದ ಅರ್ಧ ಜೋತಿದೆ, ಬಲಗಣ್ಣು ಮುಚ್ಚೇ ಇರುತ್ತದೆ. ಕ್ಯಾಮೆರಾಕ್ಕೆ ಅದು ಮುಖವೇ ಅಲ್ಲ. ಸಿಟ್ಟು ಬಂತು, ಅಳುವೂ ಬಂತು.

ಮೆನುವಿನಲ್ಲಿ ಇನ್ನೊಂದಿದೆ. ಒಬ್ಬರ ಮುಖ ಮೊದಲೇ ರಿಜಿಸ್ಟರ್ ಮಾಡಿಟ್ಟರೆ, ಎಷ್ಟು ಜನರಿದ್ದರೂ ಫೋಕಸ್ ಅವರ ಮೇಲೆಯೇ. ಆಗ ಚೌಕ ನೇರಳೆ. ಒಂದನೆಯ ನಂಬರಿಗೆ ಅಬ್ಬಾರನ್ನು ಹಾಕಲು ಹೋದೆ. ‘ಆಗಲಿಲ್ಲ, ಮತ್ತೆ ಪ್ರಯತ್ನಿಸಿ.’ ಹನ್ನೊಂದು ಸಲ.

“ನಕ್ಕೊ,” ಅಂದರು ಅಬ್ಬಾ. ಮುಖ ಗೋಡೆಯ ಕಡೆ.

ಅಮ್ಮಿ ಅಂದಳು, “ಬಿಡು ಬೇಟಿ, ಯಾಕ ಕಾಡಾಕತ್ತಿ ಅವರ್ನ. ಚಲೋ ಇದ್ದಾಗೇ ಕುಂದರ್ಲಿಲ್ಲ ಅವ್ರು.”

9 ನವೆಂಬರ್, ಶನಿವಾರ. ಸಂಜೆ

ಮಣ್ಣೂರಿಗೆ ಹೋಗಿ ಬಂದೆ. ಕಾಲು ತುಂಬ ಹೊಳೆದಂಡೆಯ ಮಣ್ಣು.

ಬೆಳಿಗ್ಗೆ ಅಬ್ಬಾರ ನಂಬರಿಗೆ ಫೋನ್. ದೌಲತರಾಯ ಅನ್ನುವವರು, ದೊಡ್ಡ ಜಮೀನಿನ ಮನೆ. ತಾಯಿ ಸುಭದ್ರಾಬಾಯಿ ತೀರಿಕೊಂಡಿದ್ದರು. ಆ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೂವು ಹಾಕಿ, ಕೂರಿಸುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೊ. ಮೂರು ತಾಲೂಕಿನಲ್ಲಿ ಆ ಕೊನೆಯ ಫೋಟೊ ಎಂದರೆ ಅಬ್ಬಾ. ಒಬ್ಬರೇ ಹೋಗುತ್ತಿದ್ದರು, ನನ್ನನ್ನು ಒಂದು ದಿನ ಕರೆದುಕೊಂಡು ಹೋಗಲಿಲ್ಲ.

ಹೇಳದೆ ಹೋದೆ. ಅಬ್ಬಾ ಮಲಗಿದ್ದರು.

“ನಮ್ಮವ್ವನ ಮಾರಿ ಚೊಕ್ಕ ಬರಬೇಕ್ ನೋಡ್ರಿ,” ಅಂದರು ದೌಲತರಾಯರು. “ನಮ್ಮಪ್ಪಂದು ನಿಮ್ಮ ತಂದಿನೇ ತಗದಿದ್ರು. ಕಣ್ ಮುಚ್ಚಿದ್ರೂ ನಮ್ಮನ್ನ ನೋಡಾಕತ್ತಂಗ ಕಾಣ್ತದ.”

ಚೌಕ ಮೊಮ್ಮಕ್ಕಳ ಮೇಲೆಲ್ಲ ಕುಣಿಯಿತು. ಅಜ್ಜಿಯ ಮೇಲೆ ಮಾತ್ರ ನಿಲ್ಲಲಿಲ್ಲ, ಕಣ್ಣು ಮುಚ್ಚಿದೆಯಲ್ಲ. ಅಷ್ಟು ಜನರೆದುರು ಬೆವರು. ಆಗ ತಲೆ ಓಡಿತು. ಸುಭದ್ರಾಬಾಯಿಯವರ ಮುಖವನ್ನೇ ರಿಜಿಸ್ಟರ್ ಮಾಡಿದೆ, ನಂಬರ್ ಒಂದು. ಅಬ್ಬಾರನ್ನು ಹನ್ನೊಂದು ಸಲ ಬೇಡ ಅಂದ ಕ್ಯಾಮೆರಾ ಇವರನ್ನು ಮೊದಲ ಸಲಕ್ಕೇ ತೆಗೆದುಕೊಂಡಿತು. ನೇರಳೆ ಚೌಕ ಬಂದು ಕೂತಿತು. ಅಲುಗಲಿಲ್ಲ. ಫೋಟೊ ಚೊಕ್ಕವಾಗಿ ಬಂದಿದೆ.

ನನ್ನ ಬೆನ್ನು ನಾನೇ ತಟ್ಟಿಕೊಂಡೆ.

10 ನವೆಂಬರ್, ಭಾನುವಾರ

ಹೆಮ್ಮೆಯಿಂದ ಅಬ್ಬಾರಿಗೆ ತೋರಿಸಿದೆ. ನೋಡಿದರು. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು, ಬಳೆ ಒತ್ತಿ ಗಾಯವಾಗುವಷ್ಟು. ನಕ್ಕೊ, ನಕ್ಕೊ, ನಕ್ಕೊ. ಆಮೇಲೆ ತಮ್ಮ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ ಲೆನ್ಸ್‌ಗೆ ಅಡ್ಡ ಹಿಡಿದರು. ಬಿತ್ತು. ಮತ್ತೆ ಎತ್ತಿ ಹಿಡಿದರು.

ನನಗೆ ಅರ್ಥವಾಗಲಿಲ್ಲ. ಹೇಳದೆ ಹೋದದ್ದಕ್ಕೆ ಸಿಟ್ಟು ಎಂದುಕೊಂಡು ಕ್ಯಾಮೆರಾ ಬ್ಯಾಗಿಗೆ ಹಾಕಿದೆ.

12 ನವೆಂಬರ್, ಮಂಗಳವಾರ

ಪಾಸ್‌ಪೋರ್ಟ್ ಫೋಟೊಗೆ ಒಬ್ಬ ಮಾಸ್ತರರು ಬಂದಿದ್ದರು. ಸ್ಟೂಲ್ ಮೇಲೆ ಕೂರಿಸಿದೆ. ಚೌಕ ಅವರ ಮೇಲೆ ಬರಲಿಲ್ಲ. ಅವರ ಪಕ್ಕ, ಪರದೆಯ ಮೇಲೆ, ಕೂತವರ ಎತ್ತರಕ್ಕೆ ಬಂತು. ನೇರಳೆ.

ಪರದೆಯ ನೆರಿಗೆ ಇರಬೇಕು. ಪರದೆ ಎಳೆದು ಸರಿ ಮಾಡಿದೆ. ಚೌಕ ಅಲ್ಲೇ ಇತ್ತು.

ಲಿಸ್ಟ್ ತೆರೆದು ಸುಭದ್ರಾಬಾಯಿಯವರ ಮುಖ ಡಿಲೀಟ್ ಮಾಡಿದೆ. ಲಿಸ್ಟ್ ಖಾಲಿ. ಆಫ್ ಮಾಡಿ ಆನ್ ಮಾಡಿದೆ. ನಂಬರ್ ಒಂದು ಇದೆ.

13 ನವೆಂಬರ್

ಮಸೂದ ಭಾಯಿಗೆ ಫೋನ್ ಹಚ್ಚಿದೆ. ಹಿಂದೆ ಕಬ್ಬಿನ ಲಾರಿಗಳ ಹಾರ್ನ್. “ಫ್ಯಾಕ್ಟರಿ ರೀಸೆಟ್ ಹೊಡೀರಿ, ಎಲ್ಲ ಸಾಫ್ ಆಗ್ತದ,” ಅಂದರು.

ಹೊಡೆದೆ. ನನ್ನ ಬಟನ್‌ಗಳೆಲ್ಲ ಹೋದವು. ಸಿ ಒನ್, ಸಿ ಟೂ, ಡಯಲ್‌ನ ದಿಕ್ಕು, ಹಿಂದಿನ ಫೋಕಸ್, ಮೆಮೊರಿ ಒಂದು — ಒಂದೂ ಉಳಿಯಲಿಲ್ಲ. ಭಾಷೆ ಕೂಡ ಮೊದಲಿಂದ ಕೇಳಿತು. ನನ್ನದೆಲ್ಲ ಮರೆತಿದೆ.

ಲಿಸ್ಟ್ ತೆರೆದೆ. ನಂಬರ್ ಒಂದು ಇದೆ. ವಿಭೂತಿ, ಮುಚ್ಚಿದ ಕಣ್ಣು.

ಹೆದರಿಕೆ ಆಯಿತು. ಇಲ್ಲ ಎಂದು ಇಲ್ಲಿ ಬರೆದು ಏನು ಪ್ರಯೋಜನ, ಓದುವವರು ಯಾರು.

24 ನವೆಂಬರ್, ಭಾನುವಾರ

ನಿಕಾಹ್ ಮುಗಿಯಿತು. ಮುಗಿಸಿದೆ.

ಮೊದಲ ಇಪ್ಪತ್ತು ಫೋಟೊಗಳಲ್ಲಿ ಜೀನತ ಮಸುಕು. ಅವಳ ಪಕ್ಕದ ಖಾಲಿ ದಿಂಬು ಮಾತ್ರ ದಾರದೆಳೆ ಎಣಿಸುವಷ್ಟು ಸ್ಪಷ್ಟ. ನೇರಳೆ ಚೌಕ ಕೋಣೆಯ ತುಂಬ ತಿರುಗಿತು. ಒಂದೊಂದು ಹೆಂಗಸಿನ ಮುಖದ ಹತ್ತಿರ ಹೋಗುವುದು, ನಿಲ್ಲುವುದು, ಮುಂದಕ್ಕೆ ಹೋಗುವುದು. ಕೂರಲು ಜಾಗ ಹುಡುಕುವ ಅಜ್ಜಿಯ ಹಾಗೆ. ಮದುಮಗಳ ಮುಖದ ಮೇಲೆ ಎರಡು ಕ್ಷಣ ನಿಂತಿತು. ನಾನು ಕ್ಯಾಮೆರಾ ಆಫ್ ಮಾಡಿದೆ.

“ಯಾಕ ಅಕ್ಕಾ, ಕ್ಯಾಮೆರಾ ಬಂದ್ ಮಾಡಿದ್ರಲ್ಲ?” ಅಂದಳು ಜೀನತ, ಮೆಹಂದಿ ಕೈ ಎತ್ತಿ.

ಆಟೊಫೋಕಸ್ ತೆಗೆದು ಮ್ಯಾನ್ಯುವಲ್‌ಗೆ ಹಾಕಿದೆ. ಅಬ್ಬಾ ಕಲಿಸಿದ ಹಾಗೆ, ಕಣ್ಣಿನಿಂದ, ಬೆರಳಿನಿಂದ. ಉಳಿದ ಆರುನೂರು ಫೋಟೊ ಹಾಗೇ. ಚೆನ್ನಾಗಿ ಬಂದಿವೆ. ಕಾರ್ಡ್ ಅವರ ಅಮ್ಮಿಯ ಕೈಗೆ ಕೊಟ್ಟು ಬಂದೆ.

25 ನವೆಂಬರ್

ಎಲ್ಲವನ್ನೂ ಅಮ್ಮಿಗೆ ಹೇಳಿದೆ. ಅಮ್ಮಿ ಎದ್ದಳು. ಅಟ್ಟದಿಂದ ಅಬ್ಬಾರ ನೆಗೆಟಿವ್‌ಗಳ ಟ್ರಂಕ್ ಇಳಿಸಿದಳು.

ಕಿಟಕಿಯ ಬೆಳಕಿಗೆ ಒಂದೊಂದೇ ಪಟ್ಟಿ ಹಿಡಿದು ನೋಡಿದೆ. ಕೂರಿಸಿದ ಅಜ್ಜ, ಸುತ್ತ ಮಂದಿ. ಮುಂದಿನ ಫ್ರೇಮ್ — ಒಂದು ಅಂಗೈ. ಕೂರಿಸಿದ ಹೆಂಗಸು, ಸುತ್ತ ಮಂದಿ. ಮುಂದಿನ ಫ್ರೇಮ್ — ಅಂಗೈ. ಪ್ರತಿ ಪಟ್ಟಿಯೂ ಹೀಗೇ. ಬಲಗೈ. ತೋರುಬೆರಳಿನ ಮಚ್ಚೆ ಕಾಣುತ್ತದೆ. ಅಬ್ಬಾರದೇ.

“ಹೋದವರ ಮಖಾ ಕ್ಯಾಮೆರಾದಾಗೇ ಕುಂತ ಬಿಡ್ತದಂತ,” ಅಂದಳು ಅಮ್ಮಿ. “ಬರೇ ಕೈಲೆ ಕಳಸಬಾರದು, ನಮ್ಮದು ಏನರೆ ಕೊಟ್ಟ ಕಳಸಬೇಕಂತ. ಇವರ ಉಸ್ತಾದ ಹೇಳಿಕೊಟ್ಟಿದ್ದು. ಅದಕ್ಕ ಕೈ ತೋರಸ್ತಿದ್ರು. ಆ ರೀಲಿನ ಮ್ಯಾಲ ಮದುವಿ ಫೋಟೊ ತಗೀತಿದ್ದಿಲ್ಲ.”

“ಕೊಡದಿದ್ರ?”

“ಕೊಡದಿದ್ರ ಅದ ತಾನೇ ಒಬ್ಬರನ್ನ ಆರಿಸಿಕೊಳ್ತದಂತ.”

ಅಬ್ಬಾರ ಕೈ ಹೋದದ್ದು ಬಿಪಿಯಿಂದ. ಡಾಕ್ಟರ್ ಬರೆದುಕೊಟ್ಟಿದ್ದಾರೆ, ಫೈಲಿದೆ. ಹಾಗೆಂದೆ.

“ಹೌದು,” ಅಂದಳು ಅಮ್ಮಿ. “ನಲವತ್ತ ವರ್ಷ ಕೊಟ್ಟಾರ, ಬೇಟಿ.”

28 ನವೆಂಬರ್, ಗುರುವಾರ. ಬೆಳಿಗ್ಗೆ 11.10

ಒಂದೇ ಉಸಿರಿಗೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಬ್ಬಾ ಗಡ್ಡ ತೀಡಿಸಿಕೊಂಡರು, ಬಿಳಿ ಜುಬ್ಬಾ ಕೈ ತೋರಿಸಿ ಹಾಕಿಸಿಕೊಂಡರು. ಅಮ್ಮಿಯ ಹೆಗಲು ಹಿಡಿದು ಸ್ಟುಡಿಯೊಕ್ಕೆ ಬಂದು ಸ್ಟೂಲ್ ಮೇಲೆ ಕೂತರು. ಕ್ಯಾಮೆರಾ ತೋರಿಸಿದರು. ತೆಗಿ, ಎಂದು ಸನ್ನೆ. ಎಷ್ಟು ದಿನದಿಂದ ಕಾಯುತ್ತಿದ್ದೆ... ಕುಣಿಯುವುದೊಂದು ಬಾಕಿ. ಮ್ಯಾನ್ಯುವಲ್‌ನಲ್ಲಿ ತೆಗೆಯಲು ಹೋದೆ. ಅವರೇ ಎಡಗೈ ಚಾಚಿ ಸ್ವಿಚ್ ಆಟೊಗೆ ತಳ್ಳಿದರು.

ಬೇಕೆಂದೇ ಕೂತಿದ್ದಾರೆ.

ಚೌಕ ಪರದೆಯ ಕಡೆಯಿಂದ ಬಂತು. ನೇರಳೆ. ಅಬ್ಬಾರ ಮುಖದ ಮೇಲೆ, ಮುಚ್ಚಿದ ಬಲಗಣ್ಣಿನ ಮೇಲೆ ಕೂತಿತು. ಅಲುಗಲಿಲ್ಲ. ಮುಖವೇ ಅಲ್ಲ ಅನ್ನುತ್ತಿದ್ದ ಕ್ಯಾಮೆರಾಕ್ಕೆ ಈಗ ಸಿಕ್ಕಿದರು. ಅಬ್ಬಾ ನೆಟ್ಟಗೆ ನನ್ನನ್ನು ನೋಡುತ್ತಿದ್ದರು. ನನಗೆ ಬೇಕಿದ್ದ ಫೋಟೊ ಅದೇ.

ಬ್ಯಾಟರಿ ತರುತ್ತೇನೆಂದು ಸುಳ್ಳು ಹೇಳಿ ಒಳಗೆ ಬಂದಿದ್ದೇನೆ. ಬ್ಯಾಟರಿ ತುಂಬಿದೆ. ನನಗೆ ಅಬ್ಬಾ ಬೇಕು, ಫೋಟೊ ಆಮೇಲೆ.

28 ನವೆಂಬರ್. ಮಧ್ಯಾಹ್ನ

ಟ್ರೈಪಾಡ್ ಮೇಲೆ ಇಟ್ಟೆ. ಟಚ್ ಶಟರ್ ಆನ್ ಮಾಡಿ, ನನ್ನ ಬಲಗೈ ಬಿಡಿಸಿ ಲೆನ್ಸ್‌ಗೆ ಅಡ್ಡ ಹಿಡಿದೆ. ಅಬ್ಬಾ ಎದ್ದುಬಿಟ್ಟರು, ಒಂದೇ ಕಾಲ ಮೇಲೆ. ನಕ್ಕೊ. ಇಡೀ ಓಣಿಗೆ ಕೇಳಿಸಿರಬೇಕು.

ಅಂಗೈಗೆ ಮುಖವಿರುವುದಿಲ್ಲ. ಆದರೂ ಚೌಕ ಅವರನ್ನು ಬಿಟ್ಟು ಇಳಿದು ಬಂದು ನನ್ನ ಅಂಗೈ ಮಧ್ಯೆ ನಿಂತಿತು. ಎಡ ಹೆಬ್ಬೆರಳಿನಿಂದ ಸ್ಕ್ರೀನ್ ಒತ್ತಿದೆ. ಸೈಲೆಂಟ್ ಶಟರ್ ಮತ್ತೆ ಹಾಕಿದ್ದೆ, ಸದ್ದೇ ಇಲ್ಲ. ಕೈ ತಣ್ಣಗಾಯಿತು, ಅಷ್ಟೇ.

ಲಿಸ್ಟ್ ಖಾಲಿ. ಆಫ್, ಆನ್. ಖಾಲಿ.

ಆಮೇಲೆ ಅಬ್ಬಾ ಅಳುತ್ತ ಕೂತಿದ್ದಾಗ ಬಿಳಿ ಚೌಕ ಬಂತು, ಮೊದಲ ಸಲ. ತೆಗೆದೆ. ಅಳುತ್ತಿದ್ದಾರೆ, ಆದರೆ ನನ್ನ ಕಡೆಯೇ ನೋಡುತ್ತಿದ್ದಾರೆ. ದೊಡ್ಡದಾಗಿ ಪ್ರಿಂಟ್ ಹಾಕಿಸಬೇಕು.

1 ಡಿಸೆಂಬರ್, ಭಾನುವಾರ

ಫೋಟೊ ಗೋಡೆಗೆ ಬಂತು. ಅಬ್ಬಾ ಎರಡು ರೊಟ್ಟಿ ತಿಂದರು. ಏನೂ ಆಗಿಲ್ಲ, ಏನೂ ಆಗುವುದಿಲ್ಲ. ಎಲ್ಲ ನನ್ನ ತಲೆಯ ಕೆಲಸ.

ಊಟದಲ್ಲಿ ಚಮಚ ಬಿತ್ತು. ಎರಡು ಸಲ.

13 ಡಿಸೆಂಬರ್, ಶುಕ್ರವಾರ. ಬೆಳಿಗ್ಗೆ

ಅಕ್ಷರ ಸೊಟ್ಟ. ಎಡಗೈ. ಸಾಲು ಮೇಲಕ್ಕೆ ಓಡುತ್ತದೆ.

ಕಲಬುರಗಿಯಲ್ಲಿ ಎಲ್ಲ ಟೆಸ್ಟ್ ನಾರ್ಮಲ್. ನರದ್ದು, ಬರುತ್ತದೆ ಅಂದರು. ಬಲಗೈ ಮೊಣಕೈಯಿಂದ ಕೆಳಗೆ ನನ್ನದಲ್ಲ.

ಮತ್ತೆ ಮೆನು. ಫೋಕಸ್ ಲೆನ್ಸ್ ಮೇಲಿನ ಬಟನ್‌ಗೆ, ಎಡಗೈ ಅಲ್ಲೇ ಇರುತ್ತದೆ. ಅಪರ್ಚರ್ ಲೆನ್ಸ್ ರಿಂಗಿಗೆ. ಶಟರ್ ಸ್ಕ್ರೀನ್ ಮೇಲೆ, ಎಡ ಹೆಬ್ಬೆರಳು. ಮೆಮೊರಿ ಎರಡರಲ್ಲಿ ಸೇವ್. ಅಬ್ಬಾ ಪಕ್ಕದಲ್ಲಿ ಕೂತು ತಮ್ಮ ಎಡಗೈಯಿಂದ ತೋರಿಸಿಕೊಡುತ್ತಾರೆ. ನನ್ನ ಮುಖ ನೋಡುವುದಿಲ್ಲ.

ಪಶ್ಚಾತ್ತಾಪ ಇಲ್ಲ. ಅಬ್ಬಾ ಇದ್ದಾರೆ.

9.40. ಧರ್ಮಣ್ಣ ಬಂದಿದ್ದ. ಅವನ ಅವ್ವ ನಸುಕಿನಲ್ಲಿ ಹೋದಳಂತೆ. “ಕುಂದ್ರಸೇವಿ, ಬೇ. ಒಂದ ಫೋಟೊ. ನಮ್ಮವ್ವಂದು ಮತ್ತ್ಯಾರ ತಗೀಬೇಕು?” ಟೆಂಪೊದಲ್ಲಿ ಅಬ್ಬಾರ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕಲಬುರಗಿವರೆಗೆ ಕೂತವಳು ಅವಳೇ. ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಅಬ್ಬಾ ಎಡಗೈ ಎತ್ತಿ ತೋರಿಸಿದರು. ನಕ್ಕೊ ಅಂದೆ ನಾನು. ನಮ್ಮಿಬ್ಬರದೂ ಒಂದೊಂದೇ ಕೈ ಉಳಿದಿದೆ.

ಬ್ಯಾಗ್ ತುಂಬಿದೆ. ಅಮ್ಮಿ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ನಾನೂ ಬರ್ತೀನಿ ಅನ್ನುತ್ತಾಳೆ. ಎಂದೂ ಬಂದವಳಲ್ಲ. ಯಾಕೆ ಎಂದು ಕೇಳಿದೆ. ತನ್ನ ಬಲಗೈಯ ಬಳೆಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಇಟ್ಟಳು.