ಎರಡು ಕಂಬಗಳ ದೂರ

ಬೈಲಹೊಂಗಲ
೨೧ ಜುಲೈ ೨೦೨೫, ಸೋಮವಾರ

ಚಿ. ಸೌ. ಶೈಲಜಾಳಿಗೆ,

ಆಶೀರ್ವಾದ ಎಂದು ಬರೆದ ಹಾಳೆಯನ್ನು ಎರಡು ಬಾರಿ ಹರಿದೆ. ಅದನ್ನು ಕೊಡುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ಎಂಬುದನ್ನು ಇದನ್ನೆಲ್ಲ ಓದಿದ ಮೇಲೆ ನೀನೇ ತೀರ್ಮಾನಿಸು. ನಿನ್ನ ಪ್ರಕೃತಿ ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕೇಳುವ ಮೊದಲೇ ಉತ್ತರ ನನಗೆ ಗೊತ್ತಿದೆ. ಅಳಿಯ ಶ್ರೀಶೈಲ ಅವರು ಕಳೆದ ವಾರ ನಮ್ಮ ಅಂಗಡಿಗೆ ಫೋನ್ ಮಾಡಿದ್ದರು. ಸವದತ್ತಿಯ ಶಾಲೆಗೆ ನೀನು ತಪ್ಪದೆ ಹೋಗಿ ಬರುತ್ತೀಯಂತೆ, ಮಕ್ಕಳಿಗೆ ಪಾಠವನ್ನೂ ಹೇಳುತ್ತೀಯಂತೆ. ಮನೆಗೆ ಬಂದ ಮೇಲೆ ಮಾತಿಲ್ಲ. ಅರ್ಧ ರೊಟ್ಟಿಗೇ ತಾಟು ಸರಿಸುತ್ತೀಯಂತೆ. ಓಣಿಯಲ್ಲಿ ಯಾವುದಾದರೂ ಗಾಡಿ ಜೋರು ಸದ್ದು ಮಾಡುತ್ತ ಹೋದರೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುತ್ತೀಯಂತೆ. "ನಾ ಕೊಡಿಸಿದ್ದ ನನ್ನ ತಮ್ಮನ್ನ ತಿಂತು ಅಂತಾಳ್ರಿ ಮಾವಾರ. ಮನಷ್ಯಾ ಇದ ಮಾತ ಎಷ್ಟ ದಿನಾ ಅಂದಾನ್ರಿ? ಕಣ್ಣ ಮುಂದ ಸೊರಗಾಕತ್ತಾಳ" ಎಂದರು. ಗಂಡಸು ಅಳುವುದನ್ನು ಫೋನಿನಲ್ಲಿ ಕೇಳಿದ್ದು ನನಗೆ ಅದೇ ಮೊದಲು. ನಿನ್ನ ಅವ್ವನ ಮೊಣಕಾಲು ನೋವು ಇದ್ದ ಹಾಗೆಯೇ ಇದೆ. ಈ ಆರು ತಿಂಗಳು ನನ್ನ ಫೋನನ್ನು ನೀನು ಎತ್ತಿಲ್ಲ, ಅದು ನ್ಯಾಯವೇ. ಆದ್ದರಿಂದ ಈ ಪತ್ರ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮುಖ್ಯ ಅಂಶವನ್ನು ಕೊನೆಯ ನಿಮಿಷದವರೆಗೆ ಬಚ್ಚಿಟ್ಟುಕೊಳ್ಳುವುದು ನನ್ನ ಪದ್ಧತಿಯಾಗಿತ್ತು. ಪಡಸಾಲೆಯ ಕಪಾಟಿನಲ್ಲಿರುವ ಬಹುಮಾನದ ಢಾಲುಗಳಲ್ಲಿ ಅರ್ಧದಷ್ಟನ್ನು ಹಾಗೆಯೇ ಗೆದ್ದದ್ದು. ಇಂದು ಆ ಪದ್ಧತಿಯನ್ನು ಬಿಡುತ್ತೇನೆ. ಕೇಳು. ನಿನ್ನ ತಮ್ಮ ಮಧು ತೀರಿಕೊಂಡ ದಿನ ಅವನ ಸ್ಕೂಟರಿಗೆ ನೀನು ಕೊಡಿಸಿದ ಸೈಲೆನ್ಸರ್ ಇರಲಿಲ್ಲ. ಮೂರು ದಿನ ಮೊದಲೇ ಅದನ್ನು ನಾನು ಬಿಚ್ಚಿಸಿ, ಹಳೆಯದನ್ನು ಹಾಕಿಸಿದ್ದೆ. ಈ ಸಂಗತಿ ಮೂವರಿಗೆ ಮಾತ್ರ ಗೊತ್ತಿತ್ತು: ಮಧುವಿಗೆ, ನನಗೆ, ಗ್ಯಾರೇಜಿನ ಅಮೋಘಸಿದ್ದಪ್ಪನಿಗೆ. ಗಾಡಿಯನ್ನು ಪೊಲೀಸರು ಒಯ್ದಿದ್ದರಿಂದ ಮನೆಯವರು ಯಾರೂ ಅದನ್ನು ನೋಡಲಿಲ್ಲ.

ಆ ಚರ್ಚೆ ನಿನಗೆ ನೆನಪಿರಬೇಕು. ಎಳ್ಳ ಅಮಾವಾಸ್ಯೆಗೆ ನೀನು ಬಂದಿದ್ದಾಗ ಊಟಕ್ಕೆ ಕುಳಿತಲ್ಲಿ ನಡೆದದ್ದು. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತು ಬಿದ್ದಿತ್ತು. ಹೇಗೂ ಬದಲಿಸಬೇಕು, ಕಂಪನಿಯದರ ಬದಲು ಹೊರಗಿನದನ್ನು ಹಾಕಿಸುತ್ತೇನೆ ಎಂದು ಮಧು ಹಟ ಹಿಡಿದಿದ್ದ. ನಾನು ನಗುತ್ತ, ಹಾಗಾದರೆ ಐದು ನಿಮಿಷ ನಿನಗೆ, ಐದು ನಿಮಿಷ ನನಗೆ ಎಂದೆ. ಅವನು ಸರಿಯಾಗಿಯೇ ಮಂಡಿಸಿದ: ಅದು ಹಗುರ, ಗಾಡಿ ಸರಾಗವಾಗಿ ಎಳೆಯುತ್ತದೆ, ಬಾಯೊಳಗೆ ಸದ್ದು ತಗ್ಗಿಸುವ ಚಿಕ್ಕ ಕೊಳವೆ ಇರುವುದರಿಂದ ಊರವರ ಕಿವಿ ಒಡೆಯುವುದಿಲ್ಲ. ಕೊನೆಯದಾಗಿ ಹೇಳಿದ: "ಕಬ್ಬಿನ ಟ್ರ್ಯಾಕ್ಟರದವರಿಗೆ ಹಿಂದ ಗಾಡಿ ಬಂದದ್ದ ಗೊತ್ತಾಗೂದಿಲ್ರಿ ಅಪ್ಪಾ. ಕನ್ನಡಿ ಕಬ್ಬಿನಾಗ ಮುಚ್ಚಿರತೈತಿ, ಟೇಪ್ ಒದರತಿರತೈತಿ. ಅವರಿಗಿಷ್ಟು ಕೇಳಬೇಕಲ್ರಿ." ಮಧು ದಿನಾ ಕಿತ್ತೂರಿನ ಕಾಲೇಜಿಗೆ ಹೋಗಿ ಬರುತ್ತ ಕಂಡುಕೊಂಡಿದ್ದ ಸತ್ಯ ಅದು. ನಾನು ಅದನ್ನು ಒಂದು ಕ್ಷಣವೂ ತೂಗಿ ನೋಡಲಿಲ್ಲ. "ಒಬ್ಬಗ ಕೇಳಸಾಕ ಹಾರ್ನ್ ಐತಿ, ಊರಿಗೆಲ್ಲಾ ಕೇಳಸಾಕ ಡಂಗುರ ಐತಿ. ನಿನಗ ಯಾವುದ ಬೇಕಪಾ?" ಎಂದೆ. ನಿನ್ನ ಅವ್ವ ನಕ್ಕಳು, ನೀನೂ ನಕ್ಕೆ, ಸೋತ ಅವನೂ ನಕ್ಕ. ಆದರೆ ನೀನು ಸವದತ್ತಿಗೆ ಮರಳಿದ ಮೇಲೆ ನಿನ್ನ ಪಗಾರದಲ್ಲಿ ಅದನ್ನೇ ತರಿಸಿ ಅವನ ಕೈಗಿಟ್ಟೆ. ಸೋತವನ ಪಕ್ಷ ವಹಿಸುವುದು ನಿನ್ನ ಹಳೆಯ ಚಾಳಿ.

ಅದು ಮನೆಯ ಮುಂದೆ ಸದ್ದು ಮಾಡಿದಾಗಲೆಲ್ಲ ನನಗೆ ನನ್ನ ತೀರ್ಪನ್ನು ಯಾರೋ ಬಾಗಿಲಿಗೆ ಬಂದು ತಿರಸ್ಕರಿಸಿದಂತಾಗುತ್ತಿತ್ತು. ಸದ್ದು ಹೆಚ್ಚಿರಲಿಲ್ಲ, ಡೊಳ್ಳನ್ನು ಅಂಗೈಯಿಂದ ತಟ್ಟಿದಂಥ ತುಂಬು ಸದ್ದು. ಓಣಿಯಲ್ಲಿ ಯಾರೂ ದೂರಲಿಲ್ಲ. ನಿನ್ನ ಅವ್ವ ಆ ಸದ್ದು ತಿರುವಿನಲ್ಲಿ ಕೇಳುತ್ತಲೇ ರೊಟ್ಟಿಯ ಹಂಚು ಕಾಯಲು ಇಡುತ್ತಿದ್ದಳು. ಜನವರಿಯಲ್ಲಿ ನಿನ್ನ ಅವ್ವ ವಾರದ ಮಟ್ಟಿಗೆ ತವರಿಗೆ ಹೋಗಿದ್ದಳು. ಆ ರವಿವಾರ ಮಧು ಸ್ನಾನಕ್ಕೆ ಹೋಗಿದ್ದಾಗ ನಾನೇ ಗಾಡಿಯನ್ನು ಅಮೋಘಸಿದ್ದಪ್ಪನ ಗ್ಯಾರೇಜಿಗೆ ಒಯ್ದೆ. ಹಳೆಯದಕ್ಕೆ ಬೆಸುಗೆ ಹಾಕಿ ಜೋಡಿಸು, ಹೊಸದನ್ನು ಯಾರಿಗಾದರೂ ಮಾರಿಬಿಡು ಎಂದೆ. ಸಂಜೆ ಮನೆಗೆ ತಂದ ಗಾಡಿಯನ್ನು ಮಧು ಚಾಲೂ ಮಾಡಿದ, ಒಂದು ಕ್ಷಣ ಕಿವಿಗೊಟ್ಟ, ಬಂದ್ ಮಾಡಿದ. ಕೂಗಾಡಿದ್ದರೆ ನನ್ನ ಬಳಿ ಉತ್ತರಗಳಿದ್ದವು. "ಆತು ಬಿಡ್ರಿ ಅಪ್ಪಾ. ನೀವ ಗೆದ್ರಿ" ಎಂದಷ್ಟೇ ಹೇಳಿ ಒಳಗೆ ಹೋದ. ನೀನು ನೊಂದುಕೊಳ್ಳುತ್ತೀಯೆಂದು ಅವನು ನಿನಗೂ ಹೇಳಲಿಲ್ಲ. ಬುಧವಾರ ಮುಂಜಾನೆ, ಎಂ.ಕೆ. ಹುಬ್ಬಳ್ಳಿಯ ಗೆಳೆಯನಿಂದ ಪುಸ್ತಕ ತರುತ್ತೇನೆಂದು ಹೊರಟವನು, ಸಂಪಗಾಂವ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕುತ್ತಿರುವಾಗ ಅದು ಹೊಲದ ದಾರಿಗೆಂದು ಬಲಕ್ಕೆ ಹೊರಳಿತು.

ಹನ್ನೊಂದನೆಯ ದಿನದ ಗಣಾರಾಧನೆಯಲ್ಲಿ, ಅಂಗಳದ ತುಂಬ ಬಳಗ ಕುಳಿತಿದ್ದಾಗ, ನಿನ್ನ ಬಸವಲಿಂಗ ಕಾಕಾ ಹೀಗೆ ಹೇಗಾಯಿತೆಂದು ಕೇಳಿದ. ನೀನು ಬಡಿಸುತ್ತಿದ್ದೆ. ಆಗ ನಾನಾಡಿದ ಮಾತನ್ನು ನೀನು ಮರೆತಿಲ್ಲ. ಆದರೂ ನನ್ನ ಕೈಯಿಂದಲೇ ಅದನ್ನು ಬರೆಯಬೇಕು. "ಅಕ್ಕನ ಪ್ರೀತಿ, ತಮ್ಮನ ಜೀವಾ. ಆ ಸೈಲೆನ್ಸರಿನ ಸಪ್ಪಳದಾಗ ಹುಡುಗಗ ಮೈಮ್ಯಾಲಿನ ಎಚ್ಚರಾನ ಹೋತು." ನೀನು ಪಾತ್ರೆಯನ್ನು ಕೆಳಗಿಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡೆ. ಅಂದು ಹೋದವಳು ಮರಳಿ ಬಂದಿಲ್ಲ. "ಅದು ಆ ದಿನ ಗಾಡಿಗೆ ಇತ್ತು" ಎಂಬ ವಾಕ್ಯವನ್ನು ನಾನು ಉಚ್ಚರಿಸಿರಲಿಲ್ಲ. ಆದ್ದರಿಂದ ಸುಳ್ಳು ಹೇಳಿದಂತಾಗಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ವಾದಿಸಿದೆ. ಎಂಥ ನೀಚ ವಾದ ಅದು. ಕೇಳಿದವರೆಲ್ಲ ಹಾಗೆಯೇ ತಿಳಿಯಲಿ ಎಂದೇ ಆ ಮಾತನ್ನು ಕಟ್ಟಿದ್ದೆ. ಮಗ ಸತ್ತಿದ್ದ, ಕಾರಣ ಎಲ್ಲಿಯಾದರೂ ನಿಲ್ಲಬೇಕಿತ್ತು, ನನ್ನ ಮೇಲೆ ನಿಲ್ಲುವ ಮೊದಲು ನಿನ್ನ ಮೇಲೆ ನಿಲ್ಲಿಸಿದೆ. ಇದಕ್ಕಿಂತ ಒಳ್ಳೆಯ ಕಾರಣವನ್ನು ಹುಡುಕಿದ್ದೇನೆ. ಇಲ್ಲ.

ಮೇ ತಿಂಗಳಲ್ಲಿ ಗಾಡಿ ಠಾಣೆಯಿಂದ ಮರಳಿ ಬಂತು, ಅದನ್ನು ಮನೆಗೆ ತರದೆ ಹೊಲದಲ್ಲಿಯೇ ಇರಿಸಿದೆ. ಅದರೊಡನೆ ಕಾಗದಗಳೂ ಬಂದವು. ಅವುಗಳಲ್ಲಿ ಟ್ರ್ಯಾಕ್ಟರ್ ಚಾಲಕನ ಹೇಳಿಕೆ ಇತ್ತು: ಹಿಂದೆ ಗಾಡಿ ಬರುವ ಸಪ್ಪಳ ಕೇಳಲಿಲ್ಲ. ಆ ಒಂದು ಸಾಲು ನನ್ನನ್ನು ಕೂಡಗೊಡಲಿಲ್ಲ. ಮುಂದಿನ ಫೋರ್ಕ್ ರಿಪೇರಿ ಮಾಡಿಸಿ, ನಮ್ಮ ಹೊಲದ ಟ್ರ್ಯಾಕ್ಟರ್ ಹೊಡೆಯುವ ಸೋಮಪ್ಪನನ್ನು ಕರೆದೆ. ಟ್ರೇಲರ್ ಜೋಡಿಸು, ಟೇಪ್ ಹಚ್ಚು, ದಾರಿ ಹಿಡಿದು ಹೋಗು. ಹಿಂದೆ ನಾನು ಬರುವುದು ಕೇಳಿದ ಕೂಡಲೇ ಕೈ ಎತ್ತು ಎಂದೆ. ಐವತ್ತೆಂಟು ವರ್ಷದವನು, ಧೋತರ ಸಿಕ್ಕಿಸಿಕೊಂಡು, ಮಗನ ಸ್ಕೂಟರಿನ ಮೇಲೆ, ಹಳೆಯ ಸೈಲೆನ್ಸರಿನೊಡನೆ ಹಿಂದೆ ಹೊರಟೆ. ಅವನ ಕೈ ಏಳಲಿಲ್ಲ. ಹಾರ್ನ್ ಹಾಕಿದೆ, ಹಳೆಯ ಹಾರ್ನಿನ ಸದ್ದು ಟೇಪಿನ ಹಾಡಿನಲ್ಲಿ ಕರಗಿತು. ಮತ್ತೆ ಹಾಕಿದೆ. ದೊಡ್ಡ ಗಾಲಿಯ ಪಕ್ಕಕ್ಕೆ ಬಂದಾಗ ಅವನು ನನ್ನನ್ನು ನೋಡಿ ಬೆಚ್ಚಿದ. ನನ್ನ ಡಂಗುರದ ಮಾತು, ಎಲ್ಲರೂ ನಕ್ಕ ಆ ಮಾತು, ಅಲ್ಲಿಯೇ ಮಣ್ಣುಪಾಲಾಯಿತು.

ಇನ್ನರ್ಧ ಪರೀಕ್ಷೆಗೆ ನಿನ್ನ ಸೈಲೆನ್ಸರ್ ಬೇಕಿತ್ತು. ಅಮೋಘಸಿದ್ದಪ್ಪನನ್ನು ಕೇಳಿದರೆ ಮಾರಿದೆ ಎಂದ. ಅಂಥದೇ ಮತ್ತೊಂದನ್ನು ಹುಡುಕಿಕೊಂಡು ಕಿತ್ತೂರಿಗೆ ಹೋದೆ, ರಾಮದುರ್ಗಕ್ಕೂ ಹೋದೆ. ಅಂಗಡಿಯವರು ಒಂದರ ಮೇಲೊಂದು ಹಚ್ಚಿ ಗಾಡಿ ಚಾಲೂ ಮಾಡಿ ತೋರಿಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಒಂದು ಪಟಾಕಿಯಂತೆ ಸಿಡಿಯುತ್ತಿತ್ತು, ಇನ್ನೊಂದು ತಗಡು ಬಡಿದಂತೆ ಕಿರುಚುತ್ತಿತ್ತು, ಮತ್ತೊಂದು ಎಷ್ಟು ಉದ್ದವೆಂದರೆ ಹಿಂದಿನ ಗಾಲಿಯನ್ನು ದಾಟಿ ಹೋಗುತ್ತಿತ್ತು. "ಯಜಮಾನ್ರ, ರೇಸಿಗೆ ನಿಂದರಾವ್ರೇನ್ರಿ?" ಎಂದು ರಾಮದುರ್ಗದ ಅಂಗಡಿಯವನು ಕೇಳಿದ. ತಮಾಷೆಗೆ ಕೇಳಿದ್ದ, ನನ್ನ ಮುಖ ನೋಡಿ ಚಹಾ ತರಿಸಿದ. ಬರಿಗೈಯಲ್ಲಿ ಮತ್ತೆ ಅಮೋಘಸಿದ್ದಪ್ಪನ ಮುಂದೆ ಬಂದು ನಿಂತೆ. ಯಾರಿಗೆ ಮಾರಿದೆ ಹೇಳು, ಅವನ ಕಾಲು ಹಿಡಿದಾದರೂ ತರುತ್ತೇನೆ ಎಂದೆ. ಅವನು ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ಕೆಳಗಿಟ್ಟು, "ಯಾಕ ಬೇಕು ಅನ್ನೂದ ಮೊದಲ ಹೇಳ್ರಿ ಸಾವಕಾರ್ರ. ಅಂಗಳದಾಗ ನೀವ ಅಂದದ್ದನ್ನ ನಾನೂ ಕೇಳೇನಿ. ಆರು ತಿಂಗಳಾತು, ಆ ಮಾತ ನನ್ನ ಗಂಟಲದಾಗ ಕುಂತೈತಿ" ಎಂದ. ಹೇಳಿದೆ, ಶೈಲಜಾ. ಎಣ್ಣೆಯ ನೆಲದ ಮೇಲೆ ನಿಂತು, ಈಗ ನಿನಗೆ ಬರೆದಷ್ಟನ್ನೂ ಬಾಯಿ ಬಿಟ್ಟು ಹೇಳಿದೆ. ಅವನು ಒಳಗೆ ಹೋಗಿ, ಟೈರುಗಳ ಹಿಂದಿನಿಂದ ಗೋಣಿಯಲ್ಲಿ ಸುತ್ತಿದ್ದ ನಿನ್ನ ಸೈಲೆನ್ಸರನ್ನೇ ತಂದು ನನ್ನ ಕೈಗಿಟ್ಟ. ಮಾರಿರಲಿಲ್ಲ. "ಹುಡುಗ ಮರುದಿನಾನ ಬಂದಿದ್ದರಿ. ಇಟ್ಟಿರು ಕಾಕಾ, ಅಪ್ಪನ ಸಿಟ್ಟ ಇಳದ ಮ್ಯಾಲ ಒಯ್ತೇನಿ ಅಂದಿದ್ದ" ಎಂದ.

ಹಳೆಯದನ್ನು ಬಿಚ್ಚುವಾಗ ಎಂಜಿನ್ನಿಗೆ ಹಿಡಿದಿದ್ದ ಎರಡು ಸ್ಟಡ್ಡುಗಳಲ್ಲಿ ಒಂದು ತುಕ್ಕಿನಿಂದ ಮುರಿದು ಬಂತು. ಒಳಗುಳಿದ ತುಂಡನ್ನು ಕೊರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಉಳಿದದ್ದನ್ನು ಅಮೋಘಸಿದ್ದಪ್ಪ ಹೇಳಿದಂತೆ ನಾನೇ ಮಾಡಿದೆ. ಬಾಯಿಗೆ ಹೊಸ ತಾಮ್ರದ ಪ್ಯಾಕಿಂಗ್ ಇಟ್ಟೆ. ಎರಡು ನಟ್ಟುಗಳನ್ನು ಅರ್ಧರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಪೈಪು ಓರೆಯಾಗಿ ಕೂತು ಸಂದಿನಿಂದ ಹೊಗೆ ಸೋರುತ್ತದೆಯಂತೆ. ಹಿಂದಿನ ಬೋಲ್ಟುಗಳನ್ನು ಕಡೆಗೆ ಬಿಗಿದೆ. ಸ್ಟ್ಯಾಂಡು ಏರಿದಾಗ ಪೈಪಿಗೆ ತಾಗದಂತೆ ರಬ್ಬರಿನ ತುಂಡು ಕೂಡಿಸಿದೆವು. ಒಳಗಿನ ಚಿಕ್ಕ ಕೊಳವೆಯನ್ನು ಮಧು ಇಟ್ಟಿದ್ದಂತೆಯೇ ಉಳಿಸಿದೆ. ಚಾಲೂ ಮಾಡಿ ಸಂದಿನ ಸುತ್ತ ಕೈ ಆಡಿಸಿ ಗಾಳಿ ನೋಡುವಾಗ ಮುಂಗೈ ಸುಟ್ಟಿತು. ಏನಾಯಿತೆಂದು ನಿನ್ನ ಅವ್ವ ಕೇಳಿದಳು. ಚಹಾ ಚೆಲ್ಲಿತು ಎಂದೆ.

ಮೊನ್ನೆ ಶನಿವಾರ ಅದೇ ದಾರಿ, ಅದೇ ಟ್ರ್ಯಾಕ್ಟರ್, ಅದೇ ಹಾಡು. ಹೊಲದ ದಾರಿ ಬಂದಾಗ ಬಲಕ್ಕೆ ಹೊರಳು ಎಂದು ಸೋಮಪ್ಪನಿಗೆ ಹೇಳಿದ್ದೆ. ನಾನು ಇನ್ನೂ ಎರಡು ವಿದ್ಯುತ್ ಕಂಬಗಳಷ್ಟು ಹಿಂದಿದ್ದೆ. ಅವನ ಕೈ ಮೇಲೆದ್ದಿತು. ಟ್ರ್ಯಾಕ್ಟರ್ ಹೊರಳಲಿಲ್ಲ. ಬದಿಗೆ ನಿಲ್ಲಿಸಿ, ಇಳಿದು ಬಂದು ಹೇಳಿದ: "ಹಿಂದ ಯಾರೋ ಬರಾಕತ್ತಾರ ಅಂತ ಖಾತ್ರಿ ಆತ್ರಿ. ಮತ್ತ ಹೆಂಗ ಹೊಳ್ಳಸಲ್ರಿ?" ಆ ಚಾಲಕನೂ ಕೇಳಿಯೇ ಕೇಳುತ್ತಿದ್ದ ಎಂದು ನಾನು ಸಾಧಿಸಲಾರೆ, ಬೇರೆ ಮನುಷ್ಯ, ಬೇರೆ ದಿನ. ಆದರೆ ನೀನು ಕೊಡಿಸಿದ್ದು ಮಧುವನ್ನು ತಿನ್ನಲಿಲ್ಲ ಎಂಬುದಂತೂ ಸಿದ್ಧವಾಯಿತು. ಉಳಿಸಿದ್ದರೆ ಅದೇ ಉಳಿಸಬೇಕಿತ್ತು. ದಾರಿಯ ಬದಿಗೆ ಗಾಡಿ ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಲು ಕೈ ಬರಲಿಲ್ಲ. ಸೋಮಪ್ಪನೇ ಬಂದು ಕೀಲಿ ತಿರುವಿದ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ಅದರ ಪರವಾಗಿಯೂ ವಾದಿಸಲು ಶುರುಮಾಡುತ್ತೇನೆ. ನೀನು ಊಟ ಮಾಡು ಎಂದು ಬೇಡುತ್ತಿದ್ದೇನೆ. ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ನನ್ನ ಹಟ ಒಯ್ದಿತು, ಇನ್ನೊಬ್ಬಳನ್ನು ನನ್ನ ಮಾತು ದಿನಕ್ಕಿಷ್ಟಿಷ್ಟೇ ಒಯ್ಯುತ್ತಿದೆ. ಇದನ್ನು ತಡೆಯಲು ನಿನ್ನ ಹೊರತು ನನಗೆ ಬೇರೆ ದಾರಿಯಿಲ್ಲ. ಸಣ್ಣವಳಿದ್ದಾಗ ನಿನ್ನನ್ನು ಅವ್ವಾ ಎಂದು ಕರೆಯುತ್ತಿದ್ದೆ. ಎಂದು ಬಿಟ್ಟೆನೋ ನೆನಪಿಲ್ಲ. ಅವ್ವಾ, ಒಂದು ಪೂರ್ತಿ ರೊಟ್ಟಿ ತಿನ್ನು.

ಶ್ರೀಶೈಲ ಅವರಿಗೂ ಅವರ ತಂದೆತಾಯಿಗಳಿಗೂ ನನ್ನ ಶರಣು. ಈ ಪತ್ರವನ್ನು ಅವರೂ ಓದಲಿ.

ನಿನ್ನ ಅಪ್ಪ,
ನಿಜಗುಣಪ್ಪ

ತಾ. ಕ.: ಪಂಚಮಿಗೆ ನಿನ್ನನ್ನು ಕರೆಯಲು ಪ್ರತಿ ವರ್ಷ ಬರುತ್ತಿದ್ದವನು ಈ ವರ್ಷ ಬರುವುದಿಲ್ಲ. ಬರುವ ರವಿವಾರ, ರೊಟ್ಟಿ ಹಬ್ಬದ ದಿನ, ಮುಂಜಾನೆ ಹತ್ತಕ್ಕೆ ಅವನ ಸ್ಕೂಟರಿನ ಮೇಲೆ ನಾನು ಬರುತ್ತೇನೆ. ಅಂದು ಅಂಗಳದಲ್ಲಿ ಕುಳಿತಿದ್ದ ಬಳಗವನ್ನೆಲ್ಲ ಪಂಚಮಿಯ ದಿನ ಮತ್ತೆ ಕರೆದಿದ್ದೇನೆ, ಬಸವಲಿಂಗನನ್ನೂ. ಆ ಮಾತನ್ನು ಆಡಿದಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನೀನು ಬಂದರೂ, ಬರದಿದ್ದರೂ. ನಿನ್ನ ಅವ್ವನಿಗೆ ಇನ್ನೂ ಹೇಳಿಲ್ಲ. ಇದನ್ನು ಅಂಚೆಗೆ ಹಾಕಿ ನೆಟ್ಟಗೆ ಮನೆಗೆ ಹೋಗಿ, ಮುಂಗೈಯ ಗಾಯದಿಂದ ಶುರುಮಾಡಿ ಹೇಳುತ್ತೇನೆ. ರವಿವಾರ ನಿಮ್ಮ ಓಣಿಯ ತಿರುವಿನಲ್ಲಿ, ಎರಡು ಕಂಬ ಹಿಂದೆಯೇ, ಎಂಜಿನ್ ಚಾಲೂ ಇಟ್ಟು ನಿಲ್ಲುತ್ತೇನೆ. ಬಾಗಿಲು ತೆರೆಯದಿದ್ದರೆ ಮರಳಿ ಹೋಗುತ್ತೇನೆ. ಕಿವಿ ಮಾತ್ರ ಮುಚ್ಚಿಕೊಳ್ಳಬೇಡ. ನಾನು ಹಾರ್ನ್ ಹಾಕುವುದಿಲ್ಲ. ನೀನು ಕೊಡಿಸಿದ್ದೇ ನಿನ್ನನ್ನು ಕರೆಯುತ್ತದೆ.