ಮಕ್ಕಳನ್ನು ಕೇಳದ ಸಭೆ

ಲಿವೋನಿಯಾ, ಮಿಶಿಗನ್
ನವೆಂಬರ್ 16, 2025, ಭಾನುವಾರ

ಮುದ್ದಿನ ಇಳಾಗೆ,

ಹೇಗಿದ್ದೀಯ ಪುಟ್ಟಿ? ನಿನ್ನ ಪ್ರಾಜೆಕ್ಟ್ ಒಪ್ಪಿಸುವ ದಿನ ಕಳೆದು ನಾಲ್ಕು ದಿನವಾದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಕನ್ನಡ ಶಾಲೆಯ ಲತಾಶ್ರೀ ಆಂಟಿಯ ಶ್ರಮ ವ್ಯರ್ಥವಾಗಬಾರದೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಿಳಿಯದ ಕಡೆ ಅಮ್ಮನನ್ನು ಕೇಳು.

ಆಂಗ್ಲೋ-ಸ್ಯಾಕ್ಸನ್ನರು, ವೈಕಿಂಗರು, ಇವರಲ್ಲಿ ಯಾರ ಸರ್ಕಾರ ವಾಸಿ ಎಂದು ನೀನು ಫೋನಿನಲ್ಲಿ ಕೇಳಿದ್ದೆ. ನನಗೆ ಗೊತ್ತಿದ್ದದ್ದು ವೈಕಿಂಗರ ಕೊಂಬಿನ ಟೋಪಿ ಮಾತ್ರ, ಅದೂ ಸುಳ್ಳಂತೆ. ಲೈಬ್ರರಿಯಿಂದ ದಪ್ಪ ಪುಸ್ತಕ ತಂದೆ. ಅಮ್ಮನೂ ನೀನೂ ಪ್ಲೇನ್‌ಫೀಲ್ಡ್‌ನಲ್ಲೇ ಉಳಿದು ನಾನು ಇಲ್ಲಿಗೆ ಬಂದ ಮೇಲೆ ಊಟದ ಹೊತ್ತಿಗೆ ಮಾತಿಗೆ ಯಾರೂ ಇಲ್ಲ. ಈ ವಾರವಿಡೀ ಅನ್ನ-ಸಾರಿನ ತಟ್ಟೆಯ ಪಕ್ಕ ಆ ಸ್ಯಾಕ್ಸನ್ನರು, ವೈಕಿಂಗರೇ ಇದ್ದರು.

ಆಂಗ್ಲೋ-ಸ್ಯಾಕ್ಸನ್ ರಾಜನಿಗೆ ವಿಟಾನ್ ಎಂಬ ದೊಡ್ಡವರ ಸಭೆ. ಶ್ರೀಮಂತರು, ಬಿಷಪ್ಪರು ಕೂತು ಸಲಹೆ ಕೊಡುತ್ತಿದ್ದರು. ಓದುತ್ತಿದ್ದಂತೆ ನಮ್ಮ ಮನೆಯೇ ನೆನಪಾಯಿತು. ಎರಡು ವರ್ಷದ ಹಿಂದೆ ಅಮ್ಮನೂ ನಾನೂ ಬೇರೆಯಾಗುವ ಮಾತು ಬಂದಾಗ ನಾನು ಐದು ಜನ ಹಿರಿಯರನ್ನು ಝೂಮ್‌ನಲ್ಲಿ ಪಂಚಾಯ್ತಿಗೆ ಕೂರಿಸಿದ್ದೆನಲ್ಲ? ಮೈಸೂರಿನಿಂದ ನನ್ನ ದೊಡ್ಡಪ್ಪ ಗುರುಶಾಂತಪ್ಪನವರು ಮ್ಯೂಟ್ ತೆಗೆಯದೆಯೇ ಹತ್ತು ನಿಮಿಷ ಬುದ್ಧಿ ಹೇಳಿದರು. ತೆಗೆದ ಮೇಲೆ ಮತ್ತೆ ಮೊದಲಿನಿಂದ. ಅಮ್ಮ, "ನನ್ನನ್ನ ಯಾರೂ ಏನೂ ಕೇಳ್ಲೇ ಇಲ್ವಲ್ಲ ಕೇಶವ್," ಎಂದು ಎದ್ದು ಹೋದಳು.

ವೈಕಿಂಗರು ಬಯಲಿನಲ್ಲಿ ಥಿಂಗ್ ಎಂಬ ಸಭೆ ಸೇರುತ್ತಿದ್ದರು. ಗುಲಾಮನಲ್ಲದ ಯಾವ ಗಂಡಸಾದರೂ ಅಲ್ಲಿ ಬಾಯಿ ಬಿಡಬಹುದಿತ್ತು. ಹೆಂಗಸರ ಮಾತು ಅಲ್ಲಿ ಅಷ್ಟಕ್ಕಷ್ಟೇ, ಆದರೆ ಬೇಡವಾದ ಗಂಡನನ್ನು ಬಿಡುವ ಹಕ್ಕು ಅವರಿಗಿತ್ತು. ಇದನ್ನು ಓದಿ ಒಬ್ಬನೇ ನಕ್ಕೆ. ಆಮೇಲೆ ಪುಸ್ತಕ ಮುಚ್ಚಿ ಪಾತ್ರೆ ತೊಳೆದೆ.

ಫೋನ್ ಇಡುವ ಮುಂಚೆ ನೀನು ಇನ್ನೊಂದು ಕೇಳಿದ್ದೆ: "ಅಪ್ಪಾ, ಅಲ್ಲಿ ಕಿಡ್ಸ್ ಯಾವಾಗ ಮಾತಾಡ್ತಿದ್ರು?" ಅದಕ್ಕೆ ಆ ಪುಸ್ತಕವನ್ನೆಲ್ಲ ಜಾಲಾಡಿದೆ. ಎರಡು ಸಭೆಯಲ್ಲೂ ಎಲ್ಲೂ ಸಿಗಲಿಲ್ಲ. ತಡವಾದದ್ದು ಅದಕ್ಕೇ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಬುಧವಾರ, ಅಮ್ಮ ನಿನ್ನನ್ನು ಅರ್ಧದಾರಿಯ ಕಲಮಜೂ ಎಕ್ಸಿಟ್‌ನ ಗ್ಯಾಸ್ ಸ್ಟೇಷನ್‌ವರೆಗೆ ಡ್ರೈವ್ ಮಾಡಿ ಬಿಡುತ್ತಾಳೆ, ಅಲ್ಲಿಂದ ನಾನು ಕರೆತರುತ್ತೇನೆ. ಹಾಗೆಂದು ನಾವಿಬ್ಬರೂ ಗೊತ್ತುಮಾಡಿದ್ದೇವೆ. ನಿನ್ನ ಕೋಣೆಗೆ ಹೊಸ ರಜಾಯಿ ತಂದಿದ್ದೇನೆ.

ದೇವರು ತಣ್ಣಗಿಟ್ಟಿರಲಿ ಎಂದು ನನ್ನಜ್ಜಿ ಹರಸುತ್ತಿದ್ದರು. ಈ ಚಳಿಯಲ್ಲಿ ಬೆಚ್ಚಗಿಟ್ಟಿರಲಿ ಎನ್ನುವುದೇ ಮೇಲು.

ನಿನ್ನ ಅಪ್ಪ,
ಕೇಶವ್

ತಾ.ಕ.: ಪುಸ್ತಕದಲ್ಲಿ ಸಿಗದ್ದು ಇದು. ಯಾರ ಜೊತೆ ಇರಬೇಕೆಂದು ಮಗಳನ್ನೂ ಒಂದು ಮಾತು ಕೇಳೋಣವೇ ಎಂದು ನಮ್ಮ ಡೈವೋರ್ಸಿನ ಮೀಡಿಯೇಟರ್ ಅಂದಿದ್ದರು. ಅಮ್ಮ ಹೂಂ ಎಂದಳು. ಹನ್ನೊಂದು ವರ್ಷದವಳಿಗೇನು ತಿಳಿಯುತ್ತದೆ, ಬೇಡ ಎಂದವನು ನಾನು. ನೀನು ನನ್ನ ಹೆಸರು ಹೇಳದಿದ್ದರೆ ಎಂದು ಹೆದರಿದ್ದೆ ಇಳಾ. ಬುಧವಾರದ ಮಾತನ್ನೂ ನಿನ್ನನ್ನು ಕೇಳದೆಯೇ ಗೊತ್ತುಮಾಡಿಬಿಟ್ಟೆ. ಈಗ ಕೇಳುತ್ತಿದ್ದೇನೆ: ಬರಲು ನಿನಗೆ ಮನಸ್ಸಿದೆಯೇ? ಇಲ್ಲ ಎನ್ನುವುದಾದರೆ ಅಮ್ಮನ ಕೈಲಿ ಹೇಳಿಸಬೇಡ. ನೀನೇ ಹೇಳು.