ಘಂಟೆಗಳ ಕೋಣೆ

ಜಂಗಮವಾಡಿ, ವಾರಾಣಸಿ
12 ಜನವರಿ 2025, ಭಾನುವಾರ

ನನ್ನ ಮುದ್ದಿನ ತಮ್ಮ ತೋಂಟೇಶನಿಗೆ,

ಹೇಗಿದ್ದೀ? ಮಂಡಿಯ ಊತ ಇಳಿಯಿತೇ? ಬೆಳಗಿನ ಓಟ ಮುಗಿಸಿ ಬಂದವರಿಗೆ ಬಿಸಿನೀರಾದರೂ ಕೊಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಲೇ ಇರುತ್ತೇನೆ. ತರಬೇತಿ ಶಿಬಿರದಲ್ಲಿ ನಿಮ್ಮ ಫೋನುಗಳನ್ನೆಲ್ಲ ಇಸಿದುಕೊಂಡಿದ್ದಾರೆ, ಭಾನುವಾರ ಸಿಗುವ ಐದು ನಿಮಿಷ ಅವ್ವನ ಪಾಲು, ಅಕ್ಕನಿಗೆ ಉಳಿದದ್ದು ಈ ಕಾಗದ. ಇಲ್ಲಿ ಎದುರು ಮನೆಯೂ ಕಾಣದಷ್ಟು ಮಂಜು. ಹರಿಶ್ಚಂದ್ರ ಘಾಟಿಗೆ ಹೆಣ ಹೊತ್ತು ಹೋಗುವವರು ಕಾಣುವುದಿಲ್ಲ, ಅವರ ‘ರಾಮ ನಾಮ ಸತ್ಯ ಹೈ’ ಮಾತ್ರ ಗಲ್ಲಿಯೊಳಗೆ ಬಂದು ಹೋಗುತ್ತದೆ. ಕುಂಭಮೇಳಕ್ಕೆ ಹೊರಟ ಕರ್ನಾಟಕದವರೆಲ್ಲ ಮೊದಲು ನಮ್ಮಲ್ಲೇ ಇಳಿಯುತ್ತಿರುವುದರಿಂದ ಈಶಮಾವನಿಗೆ ಮಠದ ಯಾತ್ರಿಕರ ಕೋಣೆಗಳದ್ದೇ ಚಿಂತೆ. ಊಟಕ್ಕೆ ಬಂದರೂ ಜೇಬಿನಲ್ಲಿ ಕೀಲಿಗೊಂಚಲು. ನಾನು ಚೆನ್ನಾಗಿದ್ದೇನೆ, ನಿದ್ದೆಯೊಂದು ಬಿಟ್ಟು.

ಹೋಗುವಾಗ ನಿನ್ನ ಆಟಗಳನ್ನೆಲ್ಲ ನನ್ನ ಫೋನಿಗೆ ಹಾಕಿ, ‘ಆಡಿ ಹೆಂಗದಾವ ಅಂತ ಬರಿ ಅಕ್ಕಾ, ಆಡಲಾರದ ಬರದ್ರ ನನಗ ಗೊತ್ತಾಗತೈತಿ’ ಎಂದು ತಾಕೀತು ಮಾಡಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊಳವೆ ತಿರುಗಿಸಿ ಗಿಡಕ್ಕೆ ನೀರು ಹರಿಸುವ ಆಟ ನನಗೆ ಹಿಡಿಸಲಿಲ್ಲ. ಮೊದಮೊದಲು ಹಿತವಾಗಿರುತ್ತದೆ, ಆಮೇಲೆ ಎರಡು ಕೊಳವೆ ತಿರುಗಿಸುವಷ್ಟರಲ್ಲಿ ಒಂದು ಜಾಹೀರಾತು. ಬೆಂಕಿಗೆ ಬೀಳಲಿರುವ ಯಾರೋ ರಾಜನನ್ನು ಉಳಿಸು ಎಂದು ಗೋಗರೆಯುತ್ತದೆ. ಆ ರಾಜ ಸುಟ್ಟೇ ಹೋಗಲಿ ಅನ್ನಿಸಿತು. ಬಣ್ಣದ ಕಲ್ಲು ಒಡೆಯುವ ಆಟವಂತೂ ಜೀವ ಮುಗಿಯಿತು, ಕಾಯಿರಿ ಎನ್ನುತ್ತದೆ. ಕಾಯುವುದಕ್ಕೆ ನನಗೆ ಆಟ ಬೇರೆ ಬೇಕೇ? ಆದರೆ ದೀಪದ ಹುಡುಗಿಯ ಆಟವನ್ನು ನೀನು ಹೊಗಳಿದ್ದರಲ್ಲಿ ಅತಿ ಇಲ್ಲ. ಮುಳುಗಿದ ಊರು, ಬಾವಿಯ ಮೆಟ್ಟಿಲಿನಂತೆ ಕೆಳಗೆ ಕೆಳಗೆ ಇಳಿಯುವ ಕೋಣೆಗಳು, ದೀಪ ಹಿಡಿದ ಪುಟ್ಟ ಹುಡುಗಿ, ಎಲ್ಲಿಯೂ ಒಂದು ಮಾತಿಲ್ಲ. ಅಂಬಾಗೆ ಹಾಲೂಡಿಸುತ್ತ ಒಂದೇ ಕೈಯಲ್ಲಿ ಆಡಬಹುದು. ತಪ್ಪು ಹೆಜ್ಜೆ ಇಟ್ಟರೆ ಬೈಯುವುದಿಲ್ಲ, ಹುಡುಗಿಯನ್ನು ಮತ್ತೆ ಅದೇ ಬಾಗಿಲ ಮುಂದೆ ತಂದು ನಿಲ್ಲಿಸುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ನಿಯತ್ತು. ಯಾವ ಕೋಣೆಗೆ ಬೀಗವಿದೆಯೋ ಅದರ ಕೀಲಿಯೂ ಅದೇ ಕೋಣೆಯಲ್ಲಿ ಇದ್ದೇ ಇರುತ್ತದೆ. ಬಿಡಿಸಲಾಗದ್ದನ್ನು ಅಲ್ಲಿ ಯಾರೂ ಇಟ್ಟಿಲ್ಲ.

ನಿನ್ನ ಸೊಸೆ ಎಷ್ಟು ಶಾಂತ ಎಂದು ನೀನೇ ಹೇಳುತ್ತಿದ್ದೆ. ಗದಗಿನಲ್ಲಿ ಅವಳಿಗೆ ಹೆಸರಿಟ್ಟ ದಿನ ನೆನಪಿದೆಯೇ? ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎನ್ನಬೇಕಾದವಳು ಸೋದರತ್ತೆ. ಕೂಸಿನ ಅಪ್ಪ ಈಶಮಾವ ಅವ್ವನ ಒಡಹುಟ್ಟಿದ ತಮ್ಮ, ಹಾಗಾಗಿ ಆ ಪಾಳಿಯೂ ಅವ್ವನಿಗೇ ಬಂತು. ‘ಅಜ್ಜಿನೂ ನಾನ, ಅತ್ತಿನೂ ನಾನ, ಎರಡು ಸೀರಿ ತರ್ರಿ’ ಎಂದು ಅವಳು ಜಂಬ ಕೊಚ್ಚಿದ್ದು, ಪದ್ಧತಿಯಂತೆ ನಾವೆಲ್ಲ ಅವಳ ಬೆನ್ನಿಗೆ ಗುದ್ದಿದ್ದು! ದೊಡ್ಡ ಮಾವನ ಮಗಳು ವರ್ಷಿಣಿ ಗುದ್ದಿದಾಗ ‘ಸೊಸಿ ಆಗೂದಕ್ಕಿಂತ ಮೊದಲ ಅತ್ತಿ ಬೆನ್ನ ಮುರೀತಾಳ ನೋಡ್ರಿ’ ಎಂದು ಅವ್ವ ಕೂಗಿದಳು, ನೀನು ಕೆಂಪಾಗಿ ಅಂಗಳಕ್ಕೆ ಓಡಿದೆ. ಅಷ್ಟು ಗದ್ದಲದಲ್ಲೂ ಅಂಬಾ ಕಣ್ಣು ಬಿಡಲಿಲ್ಲ. ‘ನಮ್ಮ ಮೌನಿ ಮುತ್ಯಾನಂಗ ಹುಟ್ಯಾಳ’ ಎಂದು ಅವ್ವ ಗೋಡೆಯ ಮೇಲಿನ ತನ್ನ ಚಿಕ್ಕಪ್ಪನ ಫೋಟೋಕ್ಕೆ ಕೈಮುಗಿದಳು.

ಇಲ್ಲಿಯೂ ಅದೇ ಮಾತು. ನಮ್ಮ ಕೆಳಗಿನ ಕೋಣೆಯ ನೀಲಗಂಗಮ್ಮಜ್ಜಿ ರೋಣದ ಕಡೆಯವರು, ಕೊನೆಯ ದಿನಗಳನ್ನು ಕಾಶಿಯಲ್ಲಿ ಕಳೆಯಲು ಬಂದವರು. ಇಲ್ಲಿ ಪ್ರಾಣ ಬಿಡುವವರ ಬಲಗಿವಿಯಲ್ಲಿ ಶಿವನೇ ಬಂದು ಮಂತ್ರ ಹೇಳುತ್ತಾನೆಂದು ನಂಬಿ, ದಿನಾ ಆ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ‘ಅಂವ ಬಂದಾಗ ಕಿವಿ ಕಟ್ಟಿತ್ತಂದ್ರ ಇಷ್ಟ ದೂರ ಬಂದದ್ದ ದಂಡ ನೋಡವ್ವಾ’ ಎನ್ನುತ್ತಾರೆ. ತಗಡಿನ ಮೇಲೆ ಕೋತಿಗಳು ಕುಣಿದರೂ, ಮದುವೆಯ ಬ್ಯಾಂಡು ಬಾಗಿಲಲ್ಲೇ ನಿಂತು ಬಾರಿಸಿದರೂ ಅಂಬಾ ಮಲಗಿಯೇ ಇರುವುದನ್ನು ಕಂಡು, ‘ಈಕಿ ಹ್ವಾದ ಜನ್ಮದಾಗ ಇಲ್ಲೇ ತಪಸ್ಸ ಮಾಡ್ಯಾಳ’ ಎಂದು ದೃಷ್ಟಿ ತೆಗೆದರು. ನನಗೂ ಹೆಮ್ಮೆಯೇ. ಆದರೂ ಮಗಳು ಏಳಬಾರದೆಂದು ಆಟವನ್ನು ಯಾವಾಗಲೂ ಸದ್ದಿಲ್ಲದೆ ಆಡುತ್ತಿದ್ದೆ.

ಹಾಗಾಗಿಯೇ ಘಂಟೆಗಳ ಕೋಣೆಯಲ್ಲಿ ಸಿಕ್ಕಿಬಿದ್ದೆ. ನಿನಗೆ ಗೊತ್ತಲ್ಲ, ಗೋಡೆಯಲ್ಲಿ ಸಾಲಾಗಿ ಘಂಟೆಗಳು, ಮೊದಲು ಅವು ತಾವಾಗಿ ಮೊಳಗುತ್ತವೆ, ಅದೇ ಕ್ರಮದಲ್ಲಿ ನಾವು ಬಾರಿಸಿದರೆ ಬಾಗಿಲು ತೆರೆಯುತ್ತದೆ. ನೋಡಿದರೆ ಎಲ್ಲವೂ ಒಂದೇ ಥರ, ಕೇಳಿದರೆ ಮಾತ್ರ ಬೇರೆ ಬೇರೆ. ನಾನೋ ಸದ್ದಿಲ್ಲದೆ ಕುರುಡು ಕುರುಡಾಗಿ ಒತ್ತುತ್ತಿದ್ದೆ. ಹೋದ ವಾರ ಒಂದು ಮಧ್ಯಾಹ್ನ ಅಂಬಾ ಮಲಗಿದ್ದಳು. ಒಂಚೂರು ಕೇಳಿಸಿಕೊಳ್ಳೋಣ ಎಂದು ಫೋನನ್ನು ದಿಂಬಿನ ಬಳಿ ಇಟ್ಟು ಸದ್ದು ಏರಿಸಿದೆ. ಬೆರಳು ಜಾರಿ ಪೂರ್ತಿ ಏರಿಬಿಟ್ಟಿತು. ಘಂಟೆ ಢಣ್ ಎಂದಾಗ ನಾನೇ ಬೆಚ್ಚಿಬಿದ್ದೆ. ಕೆಳಗಿನಿಂದ ಅಜ್ಜಿ ‘ಯಾವ ಗುಡೀದವ್ವಾ ಈ ಹೊತ್ತಿನ್ಯಾಗ’ ಎಂದು ಕೂಗಿದರು. ಅಂಬಾಳ ರೆಪ್ಪೆ ಅಲುಗಲಿಲ್ಲ, ಉಸಿರು ಸಹ ಏರುಪೇರಾಗಲಿಲ್ಲ. ನಾನು ಮತ್ತೆ ಬಾರಿಸಿದೆ. ಕಿವಿಯ ಹತ್ತಿರ ಹಿಡಿದು ಬಾರಿಸಿದೆ. ಆಮೇಲೆ ತಟ್ಟೆ ಬಡಿದೆ, ಹೆಸರು ಹಿಡಿದು ಕಿರುಚಿದೆ. ಕೊನೆಗೆ ಅವಳು ಎದ್ದದ್ದು ನನ್ನ ಕಣ್ಣೀರು ಕೆನ್ನೆಗೆ ಬಿದ್ದು. ಎದ್ದವಳು ನನ್ನ ಮುಖ ನೋಡಿ ನಕ್ಕಳು.

ಆಸ್ಪತ್ರೆಗೆ ಹೋಗಿ ಬಂದೆವು. ಅವಳನ್ನು ಮಲಗಿಸಿ ತಲೆಗೆ ತಂತಿ ಅಂಟಿಸಿ, ಕಿವಿಗೆ ಸದ್ದು ಬಿಟ್ಟು, ಪರದೆಯ ಮೇಲೆ ಗೆರೆ ನೋಡುತ್ತಾರೆ. ಗೆರೆ ಏಳಬೇಕು. ಏಳಲಿ ಏಳಲಿ ಎಂದು ಆಟದಲ್ಲಿ ಒತ್ತುವ ಹಾಗೆ ನನ್ನ ಹೆಬ್ಬೆರಳು ಸೀರೆಯನ್ನು ಒತ್ತುತ್ತಲೇ ಇತ್ತು. ಎರಡೂ ಕಿವಿಯ ಗೆರೆ ನೆಲ ಬಿಟ್ಟು ಮೇಲೇಳಲಿಲ್ಲ. ಮೊದಲು ಕಿವಿಗೆ ಯಂತ್ರ ಹಾಕಿ ನೋಡೋಣ, ಸಾಲದಿದ್ದರೆ ಶಸ್ತ್ರಚಿಕಿತ್ಸೆ, ತಡ ಮಾಡಬೇಡಿ ಎಂದರು. ಏಳು ತಿಂಗಳು ನಾನು ಹಾಡಿದ ಜೋಗುಳ ಯಾರಿಗೆ ಹಾಡಿದೆನೋ ತೋಂಟು. ಅಜ್ಜಿಗೆ ಹೇಳಿದೆ. ಅವರು ಅಂಬಾಳ ಬಲಗಿವಿಯನ್ನು ಸವರುತ್ತ ಕೂತರು. ಅಂದಿನಿಂದ ಎಣ್ಣೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಕೇಳಿದರೆ ‘ಥಂಡಿ ಐತೆವ್ವಾ’ ಎನ್ನುತ್ತಾರೆ.

ಅವ್ವನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ, ನಾನೇ ಹೇಳುತ್ತೇನೆ. ಹೊಟ್ಟೆ ತುಂಬ ಉಣ್ಣು, ಮಂಡಿಯನ್ನು ನಿರ್ಲಕ್ಷಿಸಬೇಡ. ವಿಶ್ವನಾಥ ನಿನ್ನನ್ನು ಕಾಯಲಿ. ಅಂಬಾ ನಿನಗೆ ಕೈ ಬೀಸುತ್ತಿದ್ದಾಳೆ. ಅದನ್ನು ಕಲಿತಿದ್ದಾಳೆ.

ನಿನ್ನ ಅಕ್ಕ,
ಅಕ್ಷರಾ

ತಾ.ಕ.: ಈಶಮಾವ ಪತ್ರ ಓದಿ, ‘ಇಷ್ಟ ಸಾಕು’ ಎಂದು ಅಂಟು ತರಲು ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಬರೆಯಬೇಕು. ಡಾಕ್ಟರಮ್ಮ ಇನ್ನೊಂದು ಕೇಳಿದರು, ‘ರಿಶ್ತೇದಾರೀ ಮೇ ಶಾದೀ ಹುಯೀ ಹೈ ಕ್ಯಾ?’ ಸಂಬಂಧದಲ್ಲೇ ಮದುವೆಯೇ ಎಂದು. ಇವರು ನನ್ನ ಮಾಮಾ ಎಂದೆ. ‘ಆಪ್ ಕೇ? ಸಗೇ ಮಾಮಾ?’ ನಿಮ್ಮ ಸ್ವಂತ ಸೋದರಮಾವನೇ ಎಂದು ಪೆನ್ನು ಕೆಳಗಿಟ್ಟರು. ಇಲ್ಲಿನವರು ಅಂಥ ಮದುವೆ ಕೇಳಿಯೇ ಅರಿಯರು. ಈಶಮಾವ ನೆಲ ನೋಡುತ್ತ ಕೂತಿದ್ದರು. ಅದೇ ಕಾರಣವೆಂದು ಈಗಲೇ ಹೇಳಲಾಗದು, ರಕ್ತ ಪರೀಕ್ಷೆಯಾಗಬೇಕು, ಆದರೆ ಮನೆತನದಲ್ಲಿ ಇದ್ದರೆ ಹತ್ತಿರದ ಮದುವೆಯಲ್ಲಿ ಹೀಗಾಗುವುದು ಹೆಚ್ಚು, ನಿಮ್ಮಲ್ಲಿ ಕಿವಿ ಕೇಳದವರು ಯಾರಾದರೂ ಇದ್ದರೇ ಎಂದರು. ಇಲ್ಲ ಎಂದೆ. ಮನೆಗೆ ಬಂದ ಮೇಲೆ ಹೊಳೆಯಿತು. ಅವ್ವನ ಚಿಕ್ಕಪ್ಪ ಮೌನಿ ಮುತ್ಯಾ, ನಾವು ಫೋಟೋಕ್ಕೆ ಊದಿನಕಡ್ಡಿ ಹಚ್ಚುತ್ತೇವಲ್ಲ, ಅವರು ಎಂದೂ ಮೌನವ್ರತ ಹಿಡಿದಿರಲಿಲ್ಲ ತೋಂಟು. ಅವರಿಗೆ ಕೇಳಿಸುತ್ತಿರಲಿಲ್ಲ. ವರ್ಷಿಣಿಯೂ ಅದೇ ಮನೆಯ ಮಗಳು, ನಮ್ಮ ಅವ್ವನೂ ಅದೇ ಮನೆಯವಳು. ‘ದೊಡ್ಡಣ್ಣಗ ಗೊತ್ತಾದ್ರ ಸಂಬಂಧ ಮುರೀತೈತಿ, ಬಾಯಿ ಬಿಡಬ್ಯಾಡ’ ಎಂದಿದ್ದಾರೆ ಈಶಮಾವ. ವರ್ಷಿಣಿಯನ್ನು ಬಿಡು ಎಂದು ಬರೆಯಲು ನನ್ನ ಕೈ ಬರುವುದಿಲ್ಲ, ಫೋನಿನಲ್ಲಿ ಅವಳ ಮುಖ ಕಂಡರೆ ಅಂಬಾ ಕೇಕೆ ಹಾಕುತ್ತಾಳೆ. ನೀವಿಬ್ಬರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ, ಗೊತ್ತಿದ್ದು ಏನು ಬೇಕೋ ನಿರ್ಧರಿಸಿ. ನನಗೆ ಯಾರೂ ಮೊದಲೇ ಹೇಳಲಿಲ್ಲ. ಮುಂದಿನ ಭಾನುವಾರ ಅವ್ವ ನಿಮ್ಮಿಬ್ಬರ ನಿಶ್ಚಿತಾರ್ಥದ ತಾರೀಕು ಕೇಳುತ್ತಾಳೆ. ರಜೆ ಮಂಜೂರಾಗಿಲ್ಲ ಅನ್ನು. ಮಾವ ಮೆಟ್ಟಿಲೇರುತ್ತಿದ್ದಾರೆ, ಕೀಲಿಗೊಂಚಲಿನ ಸದ್ದು ಕೇಳುತ್ತಿದೆ. ತಾರೀಕು ಕೊಡಬೇಡ.